ಹಂದಿ ಕಾಯಲಿಕ್ಕೆ ಸಸ್ತಾ ಬಂದೂಕ ತಗೋಬೇಕೋ, ಬೇಡವೋ?

ಎಳ್ಳಮಾಸಿ ದಿನ ಮನೆಮಂದಿಯೆಲ್ಲ ಹೊಲದಲ್ಲಿ ಕೂತು ಭಜ್ಜಿ-ರೊಟ್ಟಿ ಉಂಡು, ಚರಗ ಚೆಲ್ಲಿ, ಹೊತ್ತು ಮುಳುಗುವ ಮುಂಚೆ ಊರಿಗೆ ಬಂದೆವು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ನಾವು ಕೂತು ಉಂಡ ಜಾಗದ ಪಕ್ಕದಲ್ಲೇ ಹತ್ತು ಗುಂಟೆ ಬಿಳಿಜೋಳ ನೆಲಕ್ಕೆ ಮಲಗಿತ್ತು. ತೆನೆ ಆಗಷ್ಟೇ ಹಾಲುಗಾಳು ಕಟ್ಟಿತ್ತು. ಹಂದಿಗಳು ಅರ್ಧ ತಿಂದು, ಅರ್ಧ ತುಳಿದು ಹೋಗಿದ್ದವು. ಕಾಳೂ ಹೋಯಿತು, ದನಕ್ಕೆ ಆಗಬೇಕಿದ್ದ ಕಣಿಕೆಯೂ ಹೋಯಿತು.

ಬದುವಿನ ಮೇಲೆ ನಿಂತು ನನ್ನ ಮಗ ಅಂದ: "ಅಪ್ಪಾ, ಸಸ್ತಾದಾಗ ಒಂದು ಬಂದೂಕ ತಂದ್ ಬಿಡೋಣು. ಎರಡು ಹಂದಿ ಉರುಳಿದ್ರ ಉಳಿದವು ಈ ಕಡಿ ಹಣಿಕಿ ಹಾಕಂಗಿಲ್ಲ." ಆ ಹೊತ್ತಿನಲ್ಲಿ ನನಗೂ ಹೌದೆನ್ನಿಸಿತು. ಸಿಟ್ಟಿನಲ್ಲಿ ಎಲ್ಲವೂ ಹೌದೆನ್ನಿಸುತ್ತದೆ.

ನಮ್ಮದು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಿನ ಒಂದು ಸಣ್ಣ ಊರು. ನಾಲ್ಕು ಎಕರೆ ಹೊಲ. ಮುಂಗಾರಿಗೆ ಸೋಯಾ, ಉದ್ದು, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಬಾವಿ ಇರುವ ಮೂಲೆಯಲ್ಲಿ ಮುಕ್ಕಾಲು ಎಕರೆ ಕಬ್ಬು. ಮಲೆನಾಡು, ಕರಾವಳಿಯ ಓದುಗರಿಗೆ ಮನೆಯಲ್ಲೊಂದು ಕೋವಿ ಇರುವುದು ಹೊಸದಲ್ಲ. ನಮ್ಮ ಕಡೆ ಹಾಗಿಲ್ಲ. 1948ಕ್ಕೆ ಮುಂಚೆ ಬಸವಕಲ್ಯಾಣವೆಂದರೆ ನಿಜಾಮರ ಕೈಕೆಳಗಿನ ನವಾಬರ ಜಾಗೀರು. ಆಗ ಬಂದೂಕ ಅವರ ಕೈಯಲ್ಲಿ, ಹೆಚ್ಚೆಂದರೆ ದೊಡ್ಡ ವಾಡೆಗಳಲ್ಲಿ. ಒಕ್ಕಲುತನದವನ ಕೈಗೆ ಕವಣಿ, ಹೊಲದಲ್ಲೊಂದು ಅಟ್ಟ, ಬಾಯಲ್ಲಿ ಕೂಗು, ಅಷ್ಟೇ. ಹೀಗಾಗಿ ಬಂದೂಕಿನ ಬಗ್ಗೆ ನಮಗೆ ಆಸೆ ಜಾಸ್ತಿ, ತಿಳಿವಳಿಕೆ ಕಮ್ಮಿ.

ದುಡ್ಡು ಎತ್ತುವ ಮುಂಚೆ ಒಂದು ವರ್ಷ ಕೇಳಿ, ಓದಿ, ನೋಡಿ ತಿಳಿಯೋಣವೆಂದು ಕೂತೆ. ನಾನು ವಕೀಲನಲ್ಲ, ಬೇಟೆಗಾರನೂ ಅಲ್ಲ. ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಅಗ್ಗದ ಬಂದೂಕು ಅಂದರೆ ಯಾವುದು?

ಪೇಟೆಯಲ್ಲಿ ಕೇಳಿದರೆ ನಾಲ್ಕು ನಮೂನೆ ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಗಾಳಿ ಬಂದೂಕು, ಅಂದರೆ ಏರ್‌ಗನ್. ಇದೇ ಎಲ್ಲಕ್ಕಿಂತ ಸಸ್ತಾ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಳತೆ 0.177 ಇಂಚು (4.5 ಮಿ.ಮೀ.) ಮೀರದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸು ಬೇಡ. "ಲೈಸೆನ್ಸಿಲ್ಲದ ಬಂದೂಕ" ಅಂತ ಹುಡುಗರು ಇದಕ್ಕೇ ಮರುಳಾಗುವುದು. ಆದರೆ 20 ಜೂಲ್ ಅಂದರೆ ಎಷ್ಟು? ಬೇಟೆ ರೈಫಲ್ಲಿನ ಗುಂಡಿಗೆ ಎರಡು ಸಾವಿರ ಜೂಲಿನ ಮೇಲೆ ಶಕ್ತಿ ಇರುತ್ತದೆ. ಇದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಡಬ್ಬಿಗೆ, ಹಲಗೆಗೆ ಗುರಿ ಕಲಿಯಲು ಸರಿ. ಗಂಡುಹಂದಿಯ ಹೆಗಲ ಮೇಲೆ ಚರ್ಮ ಗುರಾಣಿಯ ಹಾಗೆ ದಪ್ಪ. ಅದಕ್ಕೆ ಈ ಗುಂಡು ತಾಗಿದರೆ ಸಾಯುವುದಿಲ್ಲ, ಗಾಯವಾಗುತ್ತದೆ. ಗಾಯವಾದ ಹಂದಿ ಎದುರಿಗೆ ಬಂದವರ ಮೇಲೆ ಹಾಯುತ್ತದೆ. ಮರುದಿನ ಬೆಳಿಗ್ಗೆ ಎದುರಿಗೆ ಬರುವವರು ಕಬ್ಬಿನ ರವದಿ ಸುಲಿಯುವ ಹೆಣ್ಣುಮಕ್ಕಳು. ಇನ್ನೊಂದು ಮಾತು: ಏರ್‌ಗನ್ನಿಗೆ ಲೈಸೆನ್ಸು ಬೇಡ ಅಂದ ಮಾತ್ರಕ್ಕೆ ಅದರಿಂದ ಪ್ರಾಣಿ ಹೊಡೆಯಲು ಪರವಾನಗಿ ಸಿಕ್ಕಂತಲ್ಲ.

ಎರಡನೆಯದು ಮದ್ದು ಜಡಿಯುವ ಬಂದೂಕು. ಹಳಬರು ಇದಕ್ಕೆ ಭರಮಾರ ಅನ್ನುತ್ತಿದ್ದರು. ನಳಿಗೆಯ ಬಾಯಿಯಿಂದ ಕರಿಮದ್ದು ಸುರಿದು, ಬಟ್ಟೆಯೋ ನಾರೋ ತುರುಕಿ, ಗಜದಿಂದ ಜಡಿದು, ಮೇಲೆ ಗುಂಡು ಹಾಕಿ, ಹಿಂದೆ ಕೇಪು ಇಟ್ಟು ಹಾರಿಸಬೇಕು. ಒಂದು ಸಲ ಹಾರಿಸಿದರೆ ಮತ್ತೆ ತುಂಬುವುದರೊಳಗೆ ಹಂದಿ ಮೂರು ಹೊಲ ದಾಟಿರುತ್ತದೆ. ಮಳೆಗಾಲದ ತೇವಕ್ಕೆ ಮದ್ದು ಕೈಕೊಡುತ್ತದೆ. ಮದ್ದು ಹೆಚ್ಚಾದರೆ ನಳಿಗೆ ಸೀಳಿ ಹಾರಿಸಿದವನ ಕಣ್ಣು, ಕೈ ಹೋಗುತ್ತವೆ. ಆದರೂ ಕಾನೂನು ಬೆಳೆ ರಕ್ಷಣೆಗೆ ಮೊದಲು ನೋಡುವುದು ಇದನ್ನೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ಕಾಯಲು ಮದ್ದು ಜಡಿಯುವ ಬಂದೂಕು ಎಂದೇ ಬರೆದಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ಬೇರೆ ನಯ ನಳಿಗೆಯ ಬಂದೂಕು ಕೊಡಬಹುದು.

ಮೂರನೆಯದು ಆ ನಯ ನಳಿಗೆಯ ತೋಟಾ ಬಂದೂಕು, 12 ಬೋರಿನ ಒಂಟಿ ನಳಿಗೆಯದು. 12 ಬೋರು ಅಂದರೇನು ಎಂದು ಬಹಳ ಜನ ಕೇಳುತ್ತಾರೆ. ಒಂದು ಪೌಂಡು ಸೀಸದಿಂದ ಸರಿಸಮ 12 ಗೋಲಿ ಮಾಡಿದರೆ ಆ ಒಂದು ಗೋಲಿ ಹಿಡಿಸುವಷ್ಟು ನಳಿಗೆ, ಅಂದರೆ ಸುಮಾರು 18 ಮಿ.ಮೀ. ಒಳಗಡೆ ಸುರುಳಿ ಗೆರೆ ಇರುವುದಿಲ್ಲ, ನಯವಾಗಿರುತ್ತದೆ. ತೋಟಾದೊಳಗಿನ ಗುಂಡುಗಳು ಹೊರಗೆ ಬಂದು ಚದುರುತ್ತವೆ. ದಪ್ಪ ಗುಂಡಿನ ತೋಟಾ ಹಾಕಿದರೂ ಮೂವತ್ತು-ನಲವತ್ತು ಗಜ ದಾಟಿದ ಮೇಲೆ ನಂಬಿಕೆಯಿಲ್ಲ. ಬೆಳೆ ಕಾಯುವವನಿಗೆ ಬಂದೂಕು ಅಂತ ಏನಾದರೂ ಇದ್ದರೆ ಅದು ಇದೊಂದೇ. ನನಗೆ ಹೇಳಿದ ಬೆಲೆ ಇಪ್ಪತ್ತೈದು ಸಾವಿರದ ಸುತ್ತ. ಊರಿಂದ ಊರಿಗೆ, ತಯಾರಿಯಿಂದ ತಯಾರಿಗೆ ಬೆಲೆ ಬೇರೆ.

ನಾಲ್ಕನೆಯದು ರೈಫಲ್ಲು. ನಮ್ಮ ದೇಶದಲ್ಲಿ ಸಾಮಾನ್ಯ ಮನುಷ್ಯನಿಗೆ ಸಿಗುವ ಮೊದಲ ಮೆಟ್ಟಿಲಿನ ಬೇಟೆ ರೈಫಲ್ಲು ಅಂದರೆ .315 ಬೋರಿನದು. ಪಶ್ಚಿಮ ಬಂಗಾಳದ ಈಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ಮಾಲು ಹೆಸರುವಾಸಿ. ಇದರ ನಳಿಗೆಯಲ್ಲಿ ಸುರುಳಿ ಗೆರೆ ಇದೆ. ಒಂದೇ ಗುಂಡು, ತಿರುಗುತ್ತಾ ನೇರ ಹೋಗುತ್ತದೆ. ಗುರಿ ತಪ್ಪಿದರೆ ಒಂದು ಕಿಲೋಮೀಟರು ದಾಟಿದರೂ ಅದಕ್ಕೆ ಜೀವ ತೆಗೆಯುವ ಶಕ್ತಿ ಇರುತ್ತದೆ. ನಮ್ಮ ಹೊಲಗಳು ಅಂಗೈಯಂತೆ ಬಯಲು. ಹಿಂದೆ ಗುಡ್ಡವಿಲ್ಲ, ಗುಂಡು ನಿಲ್ಲಿಸುವ ದಿಬ್ಬವಿಲ್ಲ. ಒಂದು ಕಿಲೋಮೀಟರಿನಲ್ಲಿ ಇನ್ನೊಬ್ಬರ ಗುಡಿಸಲು, ಕುರಿಹಟ್ಟಿ, ಡಾಂಬರು ರಸ್ತೆ ಎಲ್ಲಾ ಬಂದುಬಿಡುತ್ತವೆ. ಬೆಳೆ ಕಾಯುವವನ ವಿಷಯದಲ್ಲಿ ಕಾನೂನು ಮಾತಾಡುವುದೂ ನಯ ನಳಿಗೆಯ ಬಗ್ಗೆಯೇ ಹೊರತು ರೈಫಲ್ಲಿನ ಬಗ್ಗೆ ಅಲ್ಲ. ಆದ್ದರಿಂದ ಸಣ್ಣ ರೈತ ರೈಫಲ್ಲಿನ ಆಸೆ ಮೊದಲೇ ಬಿಡುವುದು ಒಳ್ಳೆಯದು.

ಇವೆಲ್ಲ ಬಿಟ್ಟು ಐದನೆಯದೊಂದಿದೆ, ಕದ್ದು ಮಾರುವ ನಾಟಿ ಬಂದೂಕು. ಅದರ ಬೆಲೆ ಕೇಳಲೂ ಹೋಗಬೇಡಿ. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಜೈಲು. ಹತ್ತು ಗುಂಟೆ ಜೋಳಕ್ಕೆ ಇಷ್ಟು ದೊಡ್ಡ ಬೆಲೆ ಯಾರು ಕೊಡುತ್ತಾರೆ?

ಲೈಸೆನ್ಸಿನ ದಾರಿ

ಮೊದಲು ಲೈಸೆನ್ಸು, ಆಮೇಲೆ ಬಂದೂಕು. ಇದನ್ನು ತಿರುವು-ಮುರುವು ಮಾಡಬಾರದು. 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗಳಿಗೆ. ಅದರ ಜೊತೆ ಪಹಣಿ, ಗುರುತಿನ ಕಾಗದ, ವೈದ್ಯರ ಪ್ರಮಾಣಪತ್ರ, ಬಂದೂಕು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಪೊಲೀಸು ಠಾಣೆಯಿಂದ ವಿಚಾರಣೆ ಆಗಿ ವರದಿ ಹೋಗಬೇಕು. ಲೈಸೆನ್ಸು ಸಿಕ್ಕರೆ 5 ವರ್ಷದ ಅವಧಿ. 2019ಕ್ಕೆ ಮುಂಚೆ ಇದು 3 ವರ್ಷ ಇತ್ತು. ಅವಧಿ ಮುಗಿಯುವ ಮುಂಚೆ ನವೀಕರಣ.

"ಕೊಡಗಿನಾಗ ಲೈಸೆನ್ಸ್ ಇಲ್ದೇನೇ ಇಟ್ಕೋತಾರಂತ, ನಮಗ್ಯಾಕಿಲ್ಲ?" ಎಂದು ಕಟ್ಟೆಯ ಮೇಲೆ ವಾದ ಬರುತ್ತದೆ. ಅದು ಕೊಡವ ಜನಾಂಗದವರಿಗೂ ಅಲ್ಲಿಯ ಜಮ್ಮಾ ಭೂಮಿಯ ಹಕ್ಕುದಾರರಿಗೂ ಇರುವ ವಿಶೇಷ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ, ಅಂದರೆ 2029ರ ತನಕ ಮುಂದುವರಿಸಿದೆ. ಬೀದರ ಜಿಲ್ಲೆಗೆ ಅದು ಲಾಗೂ ಇಲ್ಲ.

ಇನ್ನೊಂದು ಕಷ್ಟ ಯಾರೂ ಮೊದಲೇ ಹೇಳುವುದಿಲ್ಲ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಲು ಆದೇಶ ಬರುವುದುಂಟು. ಲೋಕಸಭೆ, ವಿಧಾನಸಭೆಯ ಮತದಾನ ಈಚೆಗೆ ಬೇಸಿಗೆಯಲ್ಲಿ ಬಂದವು, 2023ರಲ್ಲೂ 2024ರಲ್ಲೂ ಮೇ ತಿಂಗಳಲ್ಲಿ. ಆಗ ಹೊಲ ಖಾಲಿ. ಆದರೆ 2020ರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದದ್ದು ಡಿಸೆಂಬರಿನಲ್ಲಿ. ತೊಗರಿ ಕಾಯಿ ಬಲಿಯುವ, ಜೋಳ ಹೊಡೆ ಹಾಯುವ ಹೊತ್ತದು. ಬೆಳೆ ಹೊಲದಲ್ಲಿ, ಬಂದೂಕು ಠಾಣೆಯಲ್ಲಿ ಇದ್ದರೆ ಏನು ಬಂತು?

ಲೈಸೆನ್ಸಿದ್ದರೆ ಹೊಡೆಯಬಹುದೇ?

ನನ್ನ ಮಗನಿಗೂ ನನಗೂ ಇದ್ದ ದೊಡ್ಡ ತಪ್ಪು ತಿಳಿವಳಿಕೆ ಇದೇ. ಬಂದೂಕಿನ ಲೈಸೆನ್ಸು ಅಂದರೆ ಬಂದೂಕು ಇಟ್ಟುಕೊಳ್ಳುವ ಅಪ್ಪಣೆ. ಪ್ರಾಣಿ ಹೊಡೆಯುವ ಅಪ್ಪಣೆ ಬೇರೆ, ಅದನ್ನು ಕೊಡುವ ಇಲಾಖೆಯೂ ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಈಗ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಮಾಡುತ್ತಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಕಾರಣ ಬರೆದು ಅಪ್ಪಣೆ ಕೊಟ್ಟರೆ ಮಾತ್ರ ಹೊಡೆಯಬಹುದು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸೊತ್ತು, ಮನೆಗೆ ತರುವಂತಿಲ್ಲ. "ಗುಂಡಿನ ಖರ್ಚು ಮಾಂಸದಾಗ ಬರ್ತದ" ಅನ್ನುವ ಲೆಕ್ಕ ಇಲ್ಲಿಗೆ ಮುಗಿಯಿತು.

ಚಿಗರಿಯ ಮಾತು ಇನ್ನೂ ಬಿಗಿ. ನಮ್ಮ ಜಿಲ್ಲೆಯ ಮಡ್ಡಿ ಹೊಲಗಳಲ್ಲಿ ಹಿಂಡುಹಿಂಡಾಗಿ ಕಾಣುವ ಕೃಷ್ಣಮೃಗ ಮೊದಲನೇ ಅನುಸೂಚಿಯ ಪ್ರಾಣಿ. ನವಿಲೂ ಅದೇ. ಬೆಳೆ ತಿಂದವು ಅನ್ನುವ ಕಾರಣಕ್ಕೆ ಇವನ್ನು ಹೊಡೆಯಲು ಅಪ್ಪಣೆಯೇ ಇಲ್ಲ. ಹೊಡೆದರೆ 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷದವರೆಗೆ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ರಾಜಸ್ಥಾನದಲ್ಲಿ 1998ರಲ್ಲಿ ಸಿನಿಮಾ ನಟರೊಬ್ಬರ ಮೇಲೆ ಹಾಕಿದ ಕೃಷ್ಣಮೃಗದ ಕೇಸಿನಲ್ಲಿ ಕೆಳಗಿನ ಕೋರ್ಟು ತೀರ್ಪು ಕೊಟ್ಟದ್ದು 2018ರಲ್ಲಿ. ಅಂಥವರಿಗೇ ಇಪ್ಪತ್ತು ವರ್ಷ ಕೋರ್ಟಿನ ಮೆಟ್ಟಿಲು ತಪ್ಪಲಿಲ್ಲ. ನಮ್ಮಂಥವರು ಮೊದಲ ತಾರೀಖಿಗೇ ಎತ್ತು ಮಾರಬೇಕಾಗುತ್ತದೆ.

"ಬಿಹಾರದಾಗ ಹೊಡೀತಾರ" ಎಂಬ ಮಾತೂ ಕೇಳಿದೆ. ಕೇಂದ್ರ ಸರ್ಕಾರ 2015ರಲ್ಲಿ ಬಿಹಾರದ ಮತ್ತು 2016ರಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಹಂದಿಯನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿ ಎಂದು ಸಾರಿತ್ತು. ಕೇರಳದಲ್ಲಿ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೆ ಅಪ್ಪಣೆ ಕೊಡುವ ಅಧಿಕಾರ ಕೊಟ್ಟರು. ಬೇರೆ ರಾಜ್ಯದ ಆದೇಶ ಹಿಡಿದು ನಮ್ಮ ಹೊಲದಲ್ಲಿ ಗುಂಡು ಹಾರಿಸಿದರೆ ಜೈಲಿಗೆ ಹೋಗುವವರು ನಾವು.

ಹಾಗಾದರೆ ಅಪ್ಪಣೆ ಇಲ್ಲದವನಿಗೆ ಬಂದೂಕಿನಿಂದ ಸಿಗುವುದೇನು? ಸಪ್ಪಳ. ಆಕಾಶಕ್ಕೆ ಒಂದು ಹಾರಿಸಿದರೆ ಹಂದಿ ಓಡುತ್ತವೆ. ನಾಲ್ಕು ರಾತ್ರಿ ಓಡುತ್ತವೆ. ಐದನೇ ರಾತ್ರಿ ಸಪ್ಪಳಕ್ಕೆ ಏನೂ ಆಗುವುದಿಲ್ಲವೆಂದು ಅವಕ್ಕೂ ತಿಳಿಯುತ್ತದೆ.

ಕಬ್ಬಿನ ಅಂಚಿನ ಒಂದು ರಾತ್ರಿ

ನನ್ನ ಹೊಲಕ್ಕೆ ಹತ್ತಿದ ಹೊಲದವರೊಬ್ಬರ ಹತ್ತಿರ ಲೈಸೆನ್ಸಿನ ಒಂಟಿ ನಳಿಗೆ ಬಂದೂಕಿದೆ, ಅವರ ತಂದೆಯ ಕಾಲದ್ದು. ಹೇಗಿರುತ್ತದೆ ನೋಡೋಣವೆಂದು ಫೆಬ್ರುವರಿಯ ಒಂದು ರಾತ್ರಿ ಅವರ ಹೊಲದ ಅಟ್ಟದ ಮೇಲೆ ನಾನೂ ಕೂತೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ರಾತ್ರಿ ಒಂದೂವರೆ ಆಗಿರಬೇಕು. ನನ್ನ ಕಬ್ಬಿನ ಅಂಚಿನಲ್ಲಿ ಸರಸರ ಸಪ್ಪಳ ಬಂತು. ಕರ್ರಗೆ, ಗಿಡ್ಡಗೆ, ಬಾಗಿದ್ದು ಒಂದು ನಿಧಾನ ಸರಿಯುತ್ತಿತ್ತು. ನನ್ನ ಎದೆ ಹೊಡೆದುಕೊಂಡಿತು. ಅವರ ತೋಳು ತಿವಿದು, "ಹಾರಸ್ರಿ, ಹಾರಸ್ರಿ" ಎಂದು ಪಿಸುಗುಟ್ಟಿದೆ.

ಅವರು ಬಂದೂಕು ಎತ್ತಲಿಲ್ಲ. ಬ್ಯಾಟರಿ ಎತ್ತಿದರು. ಬೆಳಕಿನಲ್ಲಿ ಕಂಡದ್ದು ನನ್ನ ಮಗ. ಕರಿ ಕಂಬಳಿ ಹೊದ್ದು, ಬಾಗಿ, ಸಲಿಕೆಯಿಂದ ನೀರಿನ ಕಾಲುವೆ ಬಿಡಿಸುತ್ತಿದ್ದ. ಮಲಗಿದ್ದವನಿಗೆ ಕರೆಂಟು ಬಂದದ್ದು ತಿಳಿದು, ಮೋಟರು ಹಾಕಿ ಕಬ್ಬಿಗೆ ನೀರು ತಿರುಗಿಸಲು ಬಂದಿದ್ದ. ನನಗೆ ಹೇಳಿರಲಿಲ್ಲ. ಹೇಳುವ ಕಾರಣವೂ ಇರಲಿಲ್ಲ, ಹೊಲ ನಮ್ಮದು.

ಆ ಹಿರಿಯರು ಒಂದೇ ಮಾತು ಅಂದರು: "ಕಣ್ಣಿಗಿ ಕಾಣಲಾರದ್ದಕ್ಕ ನಳಿಗಿ ತಿರುಗಸಬಾರ್ದು." ನಾನು ಅಟ್ಟ ಇಳಿದು ಹೋಗಿ ಮಗನ ಜೊತೆ ಸುಮ್ಮನೆ ನೀರು ತಿರುಗಿಸಿದೆ. ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆ ಬಂದೂಕು ನನ್ನ ಕೈಯಲ್ಲಿ ಇದ್ದಿದ್ದರೆ ನಾನು ಹಾರಿಸಿಬಿಡುತ್ತಿದ್ದೆ. ಇದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥವಿಲ್ಲ.

ರಾತ್ರಿ ಹೊಲ ಖಾಲಿ ಇರುತ್ತದೆಂದು ಪೇಟೆಯವರು ತಿಳಿಯುತ್ತಾರೆ. ಕರೆಂಟಿನ ಪಾಳಿ ರಾತ್ರಿಗೆ ಬಿದ್ದಾಗ ನಮ್ಮ ಹೊಲಗಳಲ್ಲಿ ಹಗಲಿನಷ್ಟೇ ಜನ ಇರುತ್ತಾರೆ. ನೀರು ತಿರುಗಿಸುವವರು, ಕುರಿ ಕಾಯುವವರು, ಕಬ್ಬು ಕಡಿಯಲು ಬಂದ ಗುಂಪಿನವರು. ಬಂದೂಕಿನ ಬೆಲೆಯಲ್ಲಿ ಇದನ್ನೂ ಸೇರಿಸಬೇಕು.

ಕ್ಯಾಲೆಂಡರಿನ ಲೆಕ್ಕ

ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಂದಿ ಬಂದ ರಾತ್ರಿಗೆಲ್ಲ ಒಂದು ಗುರುತು ಹಾಕುತ್ತಾ ಬಂದೆ. ವರ್ಷದಲ್ಲಿ 17 ಗುರುತು ಆದವು. ಸೋಯಾ ಬಿತ್ತಿದ ಮೊದಲ ವಾರ (ನೆಲದೊಳಗಿನ ಬೀಜ ಮೂಸಿ ಸಾಲು ಹಿಡಿದು ಕೆದರುತ್ತವೆ) 4 ರಾತ್ರಿ, ಜೋಳದ ಹಾಲುಗಾಳಿನ ಹೊತ್ತಿಗೆ 6, ಉಳಿದ 7 ಕಬ್ಬಿನಲ್ಲಿ. ಈ 17 ರಾತ್ರಿಯಲ್ಲಿ ನಾನು ಹೊಲದಲ್ಲಿ ಇದ್ದದ್ದು 6 ರಾತ್ರಿ. ಹಂದಿ ಕಣ್ಣಿಗೆ ಕಂಡದ್ದು 3 ರಾತ್ರಿ. ಮೂವತ್ತು ಹೆಜ್ಜೆಯೊಳಗೆ, ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾಗಿ ಕಂಡದ್ದು ಒಂದೇ ರಾತ್ರಿ.

ಅಂದರೆ ಬಂದೂಕು ಇದ್ದಿದ್ದರೂ ಕೆಲಸಕ್ಕೆ ಬರುತ್ತಿದ್ದದ್ದು 17ರಲ್ಲಿ ಒಂದು ಸಲ. ಆ ಒಂದು ಹಂದಿ ಹೋದರೂ ಹೆಣ್ಣುಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ.

ಇನ್ನು ದುಡ್ಡು. ನನಗೆ ಹೇಳಿದ ಬೆಲೆಗಳಂತೆ ಬಂದೂಕು 25,000, ಗೋಡೆಗೆ ಕೂಡಿಸುವ ಕಬ್ಬಿಣದ ಪೆಟ್ಟಿಗೆ 5,000, ತರಬೇತಿ, ಶುಲ್ಕ, ಬೀದರಿಗೆ ಓಡಾಟ, ಕೆಟ್ಟ ಕೂಲಿ ಸೇರಿ 6,000, ತೋಟಾ 2,000. ಒಟ್ಟು 38,000 ರೂಪಾಯಿ. ನನ್ನ ಕೆಟ್ಟ ವರ್ಷದ ನಷ್ಟ 18ರಿಂದ 20 ಸಾವಿರ. ಬಂದೂಕು ಅದರಲ್ಲಿ ಎಷ್ಟು ಉಳಿಸುತ್ತಿತ್ತೋ ನೀವೇ ಹೇಳಿ.

ಬಂದೂಕು ನಾವು ಎಚ್ಚರಿದ್ದ ರಾತ್ರಿ ಮಾತ್ರ ಕೆಲಸ ಮಾಡುತ್ತದೆ. ನಮಗೆ ಬೇಕಾದದ್ದು ನಾವು ಮಲಗಿದಾಗ ಕೆಲಸ ಮಾಡುವಂಥದ್ದು. ನನ್ನ ಒಂದು ವರ್ಷದ ತಿಳಿವಳಿಕೆಯ ಸಾರ ಇಷ್ಟೇ.

ಅದೇ ದುಡ್ಡಿನಲ್ಲಿ ಮಾಡಿದ್ದು

ಅಕ್ಕಪಕ್ಕದ ಮೂವರು ಸೇರಿ ಸೋಲಾರ್ ಬೇಲಿ ಹಾಕಿದೆವು. ಮೂವರದೂ ನಾಲ್ಕು ನಾಲ್ಕು ಎಕರೆ. ಇಲ್ಲೊಂದು ಲೆಕ್ಕ ಗಮನಿಸಿ. ಚೌಕಾಕಾರದ ನಾಲ್ಕು ಎಕರೆ ಸುತ್ತಲು ಸುಮಾರು 510 ಮೀಟರು ಬೇಲಿ ಬೇಕು. ಮೂವರೂ ಬೇರೆ ಬೇರೆ ಹಾಕಿದರೆ 1,530 ಮೀಟರು. ಹನ್ನೆರಡೂ ಎಕರೆ ಒಟ್ಟಿಗೆ ಚೌಕವಾಗಿ ಸುತ್ತಿದರೆ 880 ಮೀಟರು ಸಾಕು. ಹೊಲದ ಆಕಾರ ಸೊಟ್ಟ ಇದ್ದರೆ ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಆದರೆ ಜೊತೆಗೂಡಿದರೆ ಉಳಿತಾಯ ಖಂಡಿತ. ನಮಗೆ 900 ಮೀಟರು ಬಂತು.

ಖರ್ಚು ಹೀಗಾಯಿತು: ಯಂತ್ರ, ಬ್ಯಾಟರಿ, ಸೋಲಾರ್ ಫಲಕ 20,000, ಮೂರು ಎಳೆ ತಂತಿ 6,000, ಪ್ಲಾಸ್ಟಿಕ್ ಗಟ್ಟಿಗಳು 3,500, ಮೂಲೆಯ ಕಬ್ಬಿಣದ ಕಂಬ ಇತ್ಯಾದಿ 8,000. ನಡುವಿನ ಗೂಟ ಬೇವು, ಜಾಲಿಯವು, ಮನೆಯವೇ. ಕೂಲಿ ನಮ್ಮದೇ. ಒಟ್ಟು 37,500, ತಲೆಗೆ 12,500. ಒಂದು ಬಂದೂಕಿನ ದುಡ್ಡಿನಲ್ಲಿ ಮೂರು ಮನೆಯ ಹೊಲ ಮುಗಿಯಿತು.

ಈ ಯಂತ್ರ 12 ವೋಲ್ಟಿನ ಬ್ಯಾಟರಿಯಿಂದ ಕರೆಂಟು ತಗೊಂಡು, ತಂತಿಗೆ ಸೆಕೆಂಡಿಗೊಮ್ಮೆಯಂತೆ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಮ್ಮಿ ಹೊತ್ತು ಸಾವಿರಾರು ವೋಲ್ಟಿನ ಪೆಟ್ಟು ಕೊಡುತ್ತದೆ. ಜೋರಾಗಿ ಝಾಡಿಸುತ್ತದೆ, ಜೀವ ತೆಗೆಯುವುದಿಲ್ಲ. ಪೆಟ್ಟಿಗೂ ಪೆಟ್ಟಿಗೂ ನಡುವೆ ಬಿಡುವು ಇರುವುದರಿಂದ ಹಿಡಿದವರು ಬಿಡಿಸಿಕೊಳ್ಳಬಹುದು. ಹಂದಿ ಎಲ್ಲವನ್ನೂ ಮೂಗಿನಿಂದ ಮುಟ್ಟಿ ನೋಡುವ ಪ್ರಾಣಿ. ಆದ್ದರಿಂದ ಕೆಳಗಿನ ಎಳೆ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು. ಅದರ ಮೇಲಿನದು ಮೊಳಕಾಲಿನ ಮಟ್ಟಕ್ಕೆ, ಮೂರನೆಯದು ತೊಡೆಯ ಮಟ್ಟಕ್ಕೆ.

ನಾವು ಮಾಡಿದ ತಪ್ಪುಗಳನ್ನೂ ಹೇಳುತ್ತೇನೆ. ಮಳೆಗಾಲದಲ್ಲಿ ಕಳೆ ಬೆಳೆದು ಕೆಳಗಿನ ತಂತಿಗೆ ತಾಗಿ ಕರೆಂಟೆಲ್ಲ ನೆಲಕ್ಕೆ ಇಳಿಯಿತು, ಹಂದಿ ಒಳಗೆ ಬಂದವು. ಈಗ ಹದಿನೈದು ದಿನಕ್ಕೊಮ್ಮೆ ಕುಡುಗೋಲು ಹಾಕುತ್ತೇವೆ. ಬೇಸಿಗೆಯಲ್ಲಿ ಎರೆಹೊಲ ಬಿರಿದು ಗೂಟ ಸಡಿಲಾದವು, ಅರ್ಥಿಂಗಿನ ಸರಳು ಒಣಗಿ ಪೆಟ್ಟು ಕಮ್ಮಿಯಾಯಿತು. ಸರಳಿನ ಬುಡಕ್ಕೆ ವಾರಕ್ಕೊಂದು ಕೊಡ ನೀರು ಸುರಿದ ಮೇಲೆ ಸರಿಹೋಯಿತು.

ಬೇಲಿ ಹಾಕಿದ ಮೇಲೆ ಹಂದಿ ಒಳಗೆ ಬಂದದ್ದು ಮೂರು ರಾತ್ರಿ. ಪೂರಾ ನಿಂತಿತು ಅಂತ ನಾನು ಹೇಳುವುದಿಲ್ಲ. ಚಿಗರಿಗೆ ಈ ಬೇಲಿ ಲೆಕ್ಕಕ್ಕಿಲ್ಲ, ಹಾರಿಬಿಡುತ್ತದೆ. ಅವು ಹಗಲು ಹೊತ್ತಿನಲ್ಲಿ ಎಳೆ ಸಸಿ ಮೇಯುವುದರಿಂದ ಬಿತ್ತಿದ ಮೊದಲ ತಿಂಗಳು ಬೆಳಿಗ್ಗೆ, ಸಂಜೆ ಹೊಲದಲ್ಲಿ ಮನುಷ್ಯರು ಇರುವುದೊಂದೇ ದಾರಿ.

ಒಂದು ಎಚ್ಚರಿಕೆ. ಯಂತ್ರ ಬಿಟ್ಟು ನೇರವಾಗಿ ಮೋಟರಿನ ಕರೆಂಟನ್ನು ತಂತಿಗೆ ಕೊಡುವವರಿದ್ದಾರೆ. ಅದು ಬೇಲಿಯಲ್ಲ, ಕೊಲೆ. ಅದರಲ್ಲಿ ಹಂದಿಗಿಂತ ಮೊದಲು ಸಿಕ್ಕಿಬೀಳುವವರು ಪಕ್ಕದ ಹೊಲದವರು, ಎಷ್ಟೋ ಸಲ ಹಾಕಿದವರೇ. ಹಿಟ್ಟಿನಲ್ಲಿ ಮದ್ದು ಇಡುವುದೂ ಹಾಗೆಯೇ. ಎಮ್ಮೆಯ ಬಾಯಿಗೂ ಅದೇ ಹೋಗುತ್ತದೆ.

ದುಡ್ಡೇ ಇಲ್ಲದವರಿಗೆ ಹಳೆಯ ದಾರಿಯೊಂದಿದೆ. ನಮ್ಮ ಹಿರಿಯರು ಜೋಳ, ಕಡಲೆಯ ಸುತ್ತ ನಾಲ್ಕು ಸಾಲು ಕುಸುಬಿ ಹಾಕುತ್ತಿದ್ದರು. ದನ ಒಳಗೆ ಬರಬಾರದೆಂದು. ಕುಸುಬಿಯ ಮುಳ್ಳಿಗೆ ಹಂದಿಯೂ ಮೂತಿ ತೂರಿಸಲು ಹಿಂಜರಿಯುತ್ತದೆ. ಹೈದರಾಬಾದಿನ ರಾಜೇಂದ್ರನಗರದ ಕೃಷಿ ವಿಶ್ವವಿದ್ಯಾಲಯದವರೂ ಶೇಂಗಾ ಸುತ್ತ ಮುಳ್ಳಿನ ಕುಸುಬಿ, ಮೆಕ್ಕೆಜೋಳದ ಸುತ್ತ ಔಡಲ ಹಾಕಲು ಹೇಳುತ್ತಾರೆ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಬೆಳೆಯ ವಾಸನೆಯನ್ನು ಔಡಲ ಮುಚ್ಚುತ್ತದೆ. ನಾನು ಬೇಲಿಯ ಒಳಮಗ್ಗುಲಿಗೆ ಎರಡು ಸಾಲು ಕುಸುಬಿ ಹಾಕಿದ್ದೇನೆ. ಮನೆಗೆ ಎಣ್ಣೆಯೂ ಆಗುತ್ತದೆ.

ಹೋದದ್ದಕ್ಕೆ ಕಾಗದ

ಹಂದಿ ಮಾಡಿದ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ನಮ್ಮಲ್ಲಿ ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ. ನಷ್ಟವಾದ ದಿನವೇ ಫೋಟೋ ತೆಗೆದು, ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕದ ನಕಲು ಇಟ್ಟುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ. ಬಿದ್ದ ಬೆಳೆಯನ್ನು ಅವರು ನೋಡುವ ಮುಂಚೆ ಕಿತ್ತು ಹಾಕಬೇಡಿ. ಬೆಳೆ ವಿಮೆಯ ಕಡೆಯೂ ಒಂದು ಬದಲಾವಣೆ ಇದೆ. ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಯಿಂದಾದ ನಷ್ಟವನ್ನೂ 2026ರ ಮುಂಗಾರಿನಿಂದ ಸೇರಿಸಲಾಗುವುದೆಂದು ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಘೋಷಿಸಿತು. ಯಾವ ಪ್ರಾಣಿ, ಯಾವ ಭಾಗ ಎನ್ನುವುದನ್ನು ರಾಜ್ಯ ಸರ್ಕಾರ ಗೊತ್ತುಪಡಿಸಬೇಕು. ನಷ್ಟವಾದ 72 ಗಂಟೆಯೊಳಗೆ ಫೋಟೋ ಸಮೇತ ತಿಳಿಸಬೇಕು. ವಿಮೆ ಕಟ್ಟುವಾಗ ನಿಮ್ಮ ಊರಿಗೆ ಇದು ಲಾಗೂ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಹಾಗಾದರೆ ಬಂದೂಕು ಯಾರಿಗೂ ಬೇಡವೇ?

ಹಾಗೆ ಹೇಳಲಾರೆ. ಹತ್ತಾರು ಎಕರೆ ತೋಟ, ಮನೆ ತೋಟದಲ್ಲೇ, ಅಪ್ಪನಿಂದ ಬಂದೂಕು ಹಿಡಿಯಲು ಕಲಿತ ಕೈ, ಹಿಂದೆ ಗುಡ್ಡ ಇರುವ ಜಾಗ, ಇಷ್ಟಿದ್ದವರ ಮಾತು ಬೇರೆ. ಅಂಥವರೂ ಲೈಸೆನ್ಸು ಮಾಡಿಸಿ ಒಂಟಿ ನಳಿಗೆಯ 12 ಬೋರು ಕೊಳ್ಳಲಿ, ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಪ್ರಾಣಿಯ ಕಡೆ ತಿರುಗಿಸದಿರಲಿ. ನಾಲ್ಕು ಎಕರೆಯ ಬಯಲು ಹೊಲದವನಿಗೆ, ರಾತ್ರಿ ಪಾಳಿಯಲ್ಲಿ ನೀರು ತಿರುಗಿಸುವ ಮಗ ಇರುವವನಿಗೆ, ಅದು ಅಗ್ಗವೂ ಅಲ್ಲ, ಉಪಯೋಗವೂ ಇಲ್ಲ.

ಈ ವರ್ಷ ಎಳ್ಳಮಾಸಿಗೆ ಮತ್ತೆ ಅದೇ ಜಾಗದಲ್ಲಿ ಕೂತು ಉಂಡೆವು. ಜೋಳ ನಿಂತಿತ್ತು. ಮಗ ಬಂದೂಕಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟ ಮುಗಿಸಿ ಇಬ್ಬರೂ ಬೇಲಿಯ ಸುತ್ತ ಒಂದು ಸುತ್ತು ಹಾಕಿ, ಸಡಿಲಾಗಿದ್ದ ಎರಡು ಗೂಟ ಬಡಿದು ಬಂದೆವು.

ಚಿಗರಿಯನ್ನು ನೋವು ಮಾಡದೆ ಸಸಿಯಿಂದ ದೂರ ಇಡುವ ಉಪಾಯ ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದರೆ ದಯವಿಟ್ಟು ಬರೆಯಿರಿ. ನಮಗೆ ಈಗ ಉಳಿದಿರುವ ತ್ರಾಸು ಅದೊಂದೇ.